ಮೈಬಿಗಿ ಬಾಹ್ಯಾಕಾಶ ಉಡುಪು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಿ ತುಂಬಿದ ದಪ್ಪ ಉಡುಪಿನ ಬದಲು, ಮೈಗೆ ಅಂಟಿ ಕೂರುವ ಹಿಗ್ಗುಬಟ್ಟೆಯ ಉಡುಪು ತೊಟ್ಟು ನಿರ್ವಾತದಲ್ಲಿ ಕೆಲಸ ಮಾಡಬಹುದೇ? ವಿಜ್ಞಾನದ ಮಾತುಕತೆಗಳಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಬರುವ ಪ್ರಶ್ನೆಗಳನ್ನೂ ಓದುಗರು ಪತ್ರಗಳಲ್ಲಿ ಕೇಳಿದವನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇದರ ಹಿಂದಿನ ಶರೀರವಿಜ್ಞಾನ ಅರ್ಧ ಶತಮಾನದ ಹಿಂದೆಯೇ ಸರಿಯೆಂದು ತೋರಿದೆ. ಉಳಿದಿರುವುದು ಅಳತೆ, ಕತ್ತರಿ, ಹೊಲಿಗೆಯ ಕೆಲಸ. ಅದು ಸಣ್ಣ ಕೆಲಸವೇನಲ್ಲ.

## ಮೊದಲ ಪರಿಚಯ

ಗಾಳಿಯನ್ನೇ ತುಂಬದ ಬಾಹ್ಯಾಕಾಶ ಉಡುಪು ಹೇಗೆ ಸಾಧ್ಯ?

ನಮ್ಮ ದೇಹಕ್ಕೆ ಬೇಕಾದದ್ದು ಎರಡು. ಉಸಿರಾಡಲು ಸಾಕಷ್ಟು ಒತ್ತಡದ ಆಮ್ಲಜನಕ, ಮತ್ತು ಆ ಒತ್ತಡಕ್ಕೆ ಸರಿಸಮನಾಗಿ ಹೊರಗಿನಿಂದ ಚರ್ಮವನ್ನು ಒತ್ತಿ ಹಿಡಿಯುವ ಏನಾದರೊಂದು. ಆ ಎರಡನೆಯದು ಗಾಳಿಯೇ ಆಗಬೇಕೆಂಬ ನಿಯಮವಿಲ್ಲ. ಬಿಗಿಯಾದ ಬಟ್ಟೆಯೂ ಒತ್ತಬಲ್ಲದು. ಚರ್ಮದ ಮೂಲಕ ಅನಿಲ ಸೋರುವುದು ತೀರ ಅತ್ಯಲ್ಪ. ಹಾಗಾಗಿ ದೇಹಕ್ಕೆ ಗಾಳಿಯಾಡದ ಚೀಲವೊಂದನ್ನು ಬೇರೆಯಾಗಿ ತೊಡಿಸಬೇಕಿಲ್ಲ; ಆ ಚೀಲ ಹುಟ್ಟಿನಿಂದಲೇ ನಮ್ಮ ಮೈಮೇಲಿದೆ. ತಲೆಗೆ ಮಾತ್ರ ಆಮ್ಲಜನಕ ತುಂಬಿದ ಶಿರಸ್ತ್ರಾಣ, ಕುತ್ತಿಗೆಯಿಂದ ಕೆಳಗೆ ಒತ್ತುವ ಬಟ್ಟೆ: ಇದಿಷ್ಟೇ ಮೂಲ ಕಲ್ಪನೆ.

ಈಗಿನ ಉಡುಪು ಚೆನ್ನಾಗಿಯೇ ಕೆಲಸ ಮಾಡುತ್ತಿದೆಯಲ್ಲ, ಬದಲಾಯಿಸುವ ಅಗತ್ಯವೇನು?

ಗಾಳಿ ತುಂಬಿದ ಉಡುಪು ನಿರ್ವಾತದಲ್ಲಿ ಉಬ್ಬಿ ಸೆಟೆದು ನಿಲ್ಲುತ್ತದೆ. ಪೂರ್ತಿ ಗಾಳಿ ಹೊಡೆದ ಸೈಕಲ್ ಟ್ಯೂಬನ್ನು ಮಡಚಲು ಹೋದಂತೆ, ಮೊಣಕೈ ಮಡಚಿದಾಗಲೆಲ್ಲ ಒಳಗಿನ ಗಾಳಿಯ ಜಾಗ ಕಿರಿದಾಗುತ್ತದೆ, ಆ ಗಾಳಿ ತಿರುಗಿ ತಳ್ಳುತ್ತದೆ. 1965ರ ಮಾರ್ಚ್ 18ರಂದು ಮೊದಲ ಬಾರಿ ನೌಕೆಯಿಂದ ಹೊರಬಂದ ಅಲೆಕ್ಸಿ ಲಿಯೊನೊವ್ ಅವರ ಉಡುಪು ಎಷ್ಟು ಉಬ್ಬಿತೆಂದರೆ, ಒತ್ತಡವನ್ನು ತಾವೇ ತಗ್ಗಿಸಿಕೊಳ್ಳದೆ ಅವರಿಗೆ ಒಳಗೆ ಮರಳಲು ಆಗಲಿಲ್ಲ. ಅಂದಿನಿಂದ ಇಂದಿಗೆ ಕೀಲುಗಳ ವಿನ್ಯಾಸ ಬಹಳ ಸುಧಾರಿಸಿದೆ, ನಿಜ. ಆದರೂ ಆರೇಳು ತಾಸು ಹೊರಗೆ ದುಡಿದ ಗಗನಯಾತ್ರಿಗಳ ಬೆರಳುಗಳು ಸೋತುಹೋಗುತ್ತವೆ, ಕೈಗವಸಿನ ಒಳಗೆ ಉಗುರು ಕಿತ್ತುಬರುವುದೂ ಉಂಟು.

ತೂಕದ ಮಾತೂ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕದ ಉಡುಪು, ಬೆನ್ನಿನ ಜೀವಾಧಾರಕ ಪೆಟ್ಟಿಗೆಯೂ ಸೇರಿ, ಸುಮಾರು 127 ಕಿಲೋ. ತೇಲುವ ಕಡೆ ಇದು ಹೊರೆಯಲ್ಲ. ಮಂಗಳದ ಗುರುತ್ವ ನಮ್ಮದರ ಶೇ 38; ಅಲ್ಲಿ ಇದೇ ಉಡುಪನ್ನು ಹೊತ್ತು ನಡೆಯುವುದೆಂದರೆ ಭೂಮಿಯ ಮೇಲೆ 48 ಕಿಲೋ ಹೊತ್ತಂತೆ. ಗುಡ್ಡ ಹತ್ತಿ ಕಲ್ಲು ಹೆಕ್ಕಬೇಕಾದ ಭೂವಿಜ್ಞಾನಿಗೆ ಅದು ನ್ಯಾಯವಲ್ಲ.

ನಿರ್ವಾತದಲ್ಲಿ ಚರ್ಮ ಒಡೆದು ರಕ್ತ ಕುದಿಯುತ್ತದೆ ಎನ್ನುತ್ತಾರಲ್ಲ?

ಚರ್ಮ ಒಡೆಯುವುದಿಲ್ಲ, ಅದು ಅಷ್ಟು ಗಟ್ಟಿ. ಆದರೆ ಊದಿಕೊಳ್ಳುತ್ತದೆ. ಹೊರಗಿನ ಒತ್ತಡ 6.3 ಕಿಲೋಪಾಸ್ಕಲ್‌ಗಿಂತ (ಸಮುದ್ರಮಟ್ಟದ ಗಾಳಿಯದು 101) ಇಳಿದರೆ ದೇಹದ ಬಿಸಿಗೇ ನೀರು ಆವಿಯಾಗಲು ಶುರುವಾಗುತ್ತದೆ. ಭೂಮಿಯಿಂದ ಸುಮಾರು 19 ಕಿಲೋಮೀಟರ್ ಎತ್ತರದಲ್ಲಿ ಈ ಗಡಿ ಬರುತ್ತದೆ. ರಕ್ತನಾಳದೊಳಗಿನ ರಕ್ತವನ್ನು ನಾಳದ ಗೋಡೆಯೇ ಒತ್ತಿ ಹಿಡಿದಿರುವುದರಿಂದ ಅದು ಪಾತ್ರೆಯ ನೀರಿನಂತೆ ಕೊತಕೊತ ಕುದಿಯುವುದಿಲ್ಲ. ಕೊಲ್ಲುವುದು ಆಮ್ಲಜನಕದ ಕೊರತೆ.

ಎರಡು ಘಟನೆಗಳು ಇಲ್ಲಿ ಪಾಠ. 1966ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯಲ್ಲಿ ಜಿಮ್ ಲೆಬ್ಲಾಂಕ್ ಎಂಬ ಪರೀಕ್ಷಕರ ಉಡುಪಿನ ಕೊಳವೆ ಕಳಚಿತು. ಹದಿನಾಲ್ಕು ಸೆಕೆಂಡುಗಳಷ್ಟರಲ್ಲಿ ಅವರು ಪ್ರಜ್ಞೆ ತಪ್ಪಿದರು. ಕೊನೆಯ ನೆನಪು, ನಾಲಗೆಯ ಮೇಲಿನ ಜೊಲ್ಲು ಗುಳ್ಳೆಯೇಳುತ್ತಿದ್ದದ್ದು. ಕೋಣೆಗೆ ಕೂಡಲೇ ಗಾಳಿ ಬಿಟ್ಟದ್ದರಿಂದ ಬದುಕಿ ಉಳಿದರು. ಇನ್ನೊಂದು, 1960ರ ಆಗಸ್ಟ್ 16ರಂದು ಜೋಸೆಫ್ ಕಿಟಿಂಜರ್ 31 ಕಿಲೋಮೀಟರ್ ಎತ್ತರದ ಬಲೂನಿನಿಂದ ಧುಮುಕಿದ್ದು. ಮೇಲೇರುವಾಗಲೇ ಅವರ ಬಲಗೈ ಗವಸಿನ ಒತ್ತಡ ಹೋಗಿತ್ತು. ಕೈ ಊದಿ ನಿರುಪಯೋಗಿಯಾಯಿತು. ನೆಲ ಮುಟ್ಟಿದ ಕೆಲವು ತಾಸುಗಳಲ್ಲಿ ಮೊದಲಿನಂತಾಯಿತು. ತಲೆ ಮತ್ತು ಎದೆ ಸುರಕ್ಷಿತವಾಗಿದ್ದರೆ, ಒಂದು ಅಂಗ ಒತ್ತಡವಿಲ್ಲದೆ ಸ್ವಲ್ಪ ಹೊತ್ತು ತಾಳಿಕೊಳ್ಳಬಲ್ಲದು. ಮೈಬಿಗಿ ಉಡುಪಿನ ಧೈರ್ಯವೆಲ್ಲ ಈ ಸಂಗತಿಯ ಮೇಲೆ ನಿಂತಿದೆ.

ಇದನ್ನು ಯಾರಾದರೂ ನಿಜವಾಗಿ ಮಾಡಿ ನೋಡಿದ್ದಾರೆಯೇ, ಅಥವಾ ಬರೀ ಚಿತ್ರವೇ?

ಮಾಡಿ ನೋಡಿದ್ದಾರೆ. 1940ರ ದಶಕದಲ್ಲಿ ಜೇಮ್ಸ್ ಹೆನ್ರಿ ಎಂಬ ಶರೀರವಿಜ್ಞಾನಿ ಅಮೆರಿಕದಲ್ಲಿ ಎತ್ತರದ ಹಾರಾಟಕ್ಕಾಗಿ ಒಂದು ಉಡುಪು ರೂಪಿಸಿದರು. ಕೈಕಾಲುಗಳ ಉದ್ದಕ್ಕೂ ಒಂದು ಕೊಳವೆ. ಅದಕ್ಕೆ ಗಾಳಿ ನುಗ್ಗಿದರೆ ಅಡ್ಡಪಟ್ಟಿಗಳು ಜಗ್ಗಿ ಬಟ್ಟೆ ಮೈಗೆ ಬಿಗಿಯುತ್ತಿತ್ತು. 1949ರ ಆಗಸ್ಟ್‌ನಲ್ಲಿ ಎಕ್ಸ್-1 ವಿಮಾನದ ಗಾಜು ಬಿರಿದಾಗ ಫ್ರಾಂಕ್ ಎವರೆಸ್ಟ್ ಎಂಬ ಪೈಲಟ್‌ನ ಜೀವ ಉಳಿಸಿದ್ದು ಇಂಥದೇ ಉಡುಪು.

ಪೂರ್ಣ ಪ್ರಮಾಣದ ಪ್ರಯತ್ನ ಪಾಲ್ ವೆಬ್ ಎಂಬ ವೈದ್ಯರದು. ಒಹಾಯೊ ರಾಜ್ಯದ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಚಿಕ್ಕ ಊರಿನಲ್ಲಿ, ನಾಸಾ ಕೊಟ್ಟ ಹಣದಲ್ಲಿ, 1960ರ ದಶಕದ ಕೊನೆಯಿಂದ 1971ರವರೆಗೆ ಅವರೂ ಜೇಮ್ಸ್ ಆನಿಸ್ ಅವರೂ ಹಿಗ್ಗುಬಟ್ಟೆಯ ಹಲವು ಪದರಗಳ ಉಡುಪನ್ನು ಮತ್ತೆ ಮತ್ತೆ ತಿದ್ದಿ ಹೊಲಿಸಿದರು. ಅದನ್ನು ತೊಟ್ಟ ಜನ ಗಾಳಿ ತೆಗೆದ ಕೋಣೆಯಲ್ಲಿ ಎರಡು ತಾಸಿಗೂ ಮೀರಿ ಇದ್ದು ಬಂದರು. ಈ ಶತಮಾನದ ಆರಂಭದಿಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡಾವಾ ನ್ಯೂಮನ್ ಅವರ ತಂಡ ಬಯೋಸೂಟ್ ಎಂಬ ಉಡುಪಿನೊಂದಿಗೆ ಅದೇ ದಾರಿಯನ್ನು ಮುಂದುವರಿಸಿದೆ. ಆದರೆ ಇಂಥ ಉಡುಪು ತೊಟ್ಟು ಯಾರೂ ಇನ್ನೂ ಬಾಹ್ಯಾಕಾಶ ನಡಿಗೆ ಮಾಡಿಲ್ಲ.

## ದೇಹ ಮತ್ತು ಒತ್ತಡ

ಎಷ್ಟು ಒತ್ತಡ ಬೇಕು? ಭೂಮಿಯ ಮೇಲಿನಷ್ಟೇ ಬೇಕೇ?

ಬೇಡ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. ಅದರಲ್ಲಿ ಆಮ್ಲಜನಕದ ಪಾಲು ಸುಮಾರು 21 ಮಾತ್ರ. ಶುದ್ಧ ಆಮ್ಲಜನಕ ಕೊಟ್ಟರೆ ಉಳಿದ ಸಾರಜನಕದ ಪಾಲನ್ನು ಬಿಟ್ಟುಬಿಡಬಹುದು. ಅಪೊಲೊ ಉಡುಪು 25.5 ಕಿಲೋಪಾಸ್ಕಲ್‌ನಲ್ಲಿ ಕೆಲಸ ಮಾಡುತ್ತಿತ್ತು. ಶ್ವಾಸಕೋಶದೊಳಗೆ ನೀರಾವಿ 6.3, ಇಂಗಾಲದ ಡೈಆಕ್ಸೈಡ್ ಸುಮಾರು 5.3 ಕಿಲೋಪಾಸ್ಕಲ್ ಜಾಗ ತಿನ್ನುತ್ತವೆ. ಕಳೆದು ನೋಡಿದರೆ ಆಮ್ಲಜನಕಕ್ಕೆ ಉಳಿಯುವುದು 14ರ ಹತ್ತಿರ. ಸಮುದ್ರಮಟ್ಟದಲ್ಲಿ ಉಸಿರಾಡುವವರ ಶ್ವಾಸಕೋಶದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಿಲ್ದಾಣದ ಅಮೆರಿಕದ ಉಡುಪಿನದು 29.6, ರಷ್ಯಾದ ಓರ್ಲಾನ್ ಉಡುಪಿನದು ಸುಮಾರು 40. ಮೈಬಿಗಿ ಉಡುಪಿಗೆ ಬಯೋಸೂಟ್ ತಂಡ 29.6 ಅನ್ನೇ ಗುರಿಯಾಗಿಟ್ಟುಕೊಂಡಿದೆ. ಮುಂದಿನ ಲೆಕ್ಕಗಳಲ್ಲಿ ನಾನೂ ಅದನ್ನೇ ಬಳಸುತ್ತೇನೆ.

ಅಷ್ಟು ಬಿಗಿದರೆ ರಕ್ತ ಸಂಚಾರ ನಿಂತುಹೋಗುವುದಿಲ್ಲವೇ?

ವೈದ್ಯರು ಕೇಳುವ ಮೊದಲ ಪ್ರಶ್ನೆ ಇದೇ, ಕೇಳಬೇಕಾದ ಪ್ರಶ್ನೆಯೂ ಹೌದು. 29.6 ಕಿಲೋಪಾಸ್ಕಲ್ ಎಂದರೆ ಪಾದರಸದ ಲೆಕ್ಕದಲ್ಲಿ 222 ಮಿಲಿಮೀಟರ್. ಕಾಲಿನ ಉಬ್ಬಿದ ರಕ್ತನಾಳಗಳಿಗೆಂದು ಬರೆದುಕೊಡುವ ಬಿಗಿ ಕಾಲುಚೀಲ 30–40 ಮಿಲಿಮೀಟರ್ ಒತ್ತಿದರೆ ಹೆಚ್ಚು. ರಕ್ತದೊತ್ತಡ ನೋಡುವ ಪಟ್ಟಿಗೆ 222ರವರೆಗೆ ಗಾಳಿ ಹೊಡೆದರೆ ತೋಳಿನ ರಕ್ತ ಪೂರ್ತಿ ನಿಲ್ಲುತ್ತದೆ.

ವ್ಯತ್ಯಾಸ ಇರುವುದು ಇಲ್ಲಿ: ಹೃದಯ ತಳ್ಳುವ 120 ಮಿಲಿಮೀಟರ್ ಎಂಬುದು ಸುತ್ತಲಿನ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬ ಲೆಕ್ಕ. ನಿರ್ವಾತದಲ್ಲಿ ಸುತ್ತಲಿನ ಒತ್ತಡ ಸೊನ್ನೆ. ಉಸಿರಿನ ಒತ್ತಡ 222, ಬಟ್ಟೆಯ ಒತ್ತಡವೂ 222. ಎದೆ, ಹೊಟ್ಟೆ, ಕಾಲು ಎಲ್ಲಕ್ಕೂ ಒಂದೇ ಒತ್ತಡ ಬಿದ್ದಾಗ ಹೃದಯ ತನ್ನ 120ನ್ನು ಅದರ ಮೇಲೆ ಸೇರಿಸುತ್ತದೆ, ರಕ್ತ ಎಂದಿನಂತೆ ಹರಿಯುತ್ತದೆ. ಬಟ್ಟೆ ಒತ್ತದೆ ಉಸಿರನ್ನು ಮಾತ್ರ ಒತ್ತಡದಲ್ಲಿ ಕೊಟ್ಟರೆ ಉಸಿರು ಹೊರಬಿಡುವುದೇ ಕಷ್ಟವಾಗಿ, ರಕ್ತ ಕೈಕಾಲುಗಳಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಎರಡೂ ಜೊತೆಜೊತೆಯಾಗಿ ಏರಬೇಕು, ಜೊತೆಯಾಗಿ ಇಳಿಯಬೇಕು. ಈ ಉಡುಪಿನ ಅತಿ ಸೂಕ್ಷ್ಮ ಜಾಗ ಯಾವುದೆಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ತಲೆಗೂ ಬಟ್ಟೆಯನ್ನೇ ಬಿಗಿಯುತ್ತಾರೆಯೇ?

ಇಲ್ಲ. ಕಣ್ಣು, ಕಿವಿ, ಮೂಗುಗಳನ್ನು ಬಟ್ಟೆಯಿಂದ ಸಮನಾಗಿ ಒತ್ತುವುದು ಆಗದ ಕೆಲಸ; ಅಲ್ಲಿ ಗಾಳಿಯೇ ಬೇಕು. ಕುತ್ತಿಗೆಯ ಬಳಿ ರಬ್ಬರಿನ ಪಟ್ಟಿ ಗಾಳಿಯನ್ನು ತಡೆಯುತ್ತದೆ. ಎದೆಯ ಮೇಲೆ, ಬಟ್ಟೆಯ ಕೆಳಗೆ, ಶಿರಸ್ತ್ರಾಣಕ್ಕೆ ಜೋಡಿಸಿದ ಚಪ್ಪಟೆ ಗಾಳಿಚೀಲವೊಂದನ್ನು ವೆಬ್ ಇಟ್ಟಿದ್ದರು. ಉಸಿರೆಳೆದಾಗ ಎದೆ ಹಿಗ್ಗುವುದಕ್ಕೆ ಅದು ಎಡೆಮಾಡಿಕೊಡುತ್ತದೆ, ಉಸಿರಿನ ಒತ್ತಡವನ್ನು ಎದೆಯ ಮೇಲಿನ ಒತ್ತಡಕ್ಕೆ ಸಮ ಮಾಡುತ್ತದೆ.

ಹಲವರಿಗೆ ಹೊಳೆಯದ ಒಂದು ಸಂಗತಿ: ಶಿರಸ್ತ್ರಾಣ ಮೇಲಕ್ಕೆ ಹಾರಿಹೋಗಲು ನೋಡುತ್ತದೆ. ಕುತ್ತಿಗೆಯ ಪಟ್ಟಿಯ ವ್ಯಾಸ 12 ಸೆಂಟಿಮೀಟರ್ ಎಂದು ಹಿಡಿದರೂ ಮೇಲ್ಮುಖ ಬಲ 330 ನ್ಯೂಟನ್ ಮೀರುತ್ತದೆ, ಅಂದರೆ ಸುಮಾರು 34 ಕಿಲೋ ತೂಕದಷ್ಟು. ಅದನ್ನು ಕಂಕುಳಿನ ಅಥವಾ ತೊಡೆಯ ಸಂದಿನ ಪಟ್ಟಿಗಳಿಂದ ಕೆಳಗೆ ಕಟ್ಟಿ ಹಿಡಿಯಲೇಬೇಕು.

ಗಾಳಿಯಾಡುವ ಬಟ್ಟೆಯಾದರೆ ಚಳಿಗೆ ಹೆಪ್ಪುಗಟ್ಟುವುದಿಲ್ಲವೇ? ಬೆವರಿನ ಗತಿಯೇನು?

ನಿರ್ವಾತ ಬಿಸಿಯನ್ನು ಒಯ್ಯುವುದು ಬಹಳ ನಿಧಾನ. ಅದರಿಂದಲೇ ಫ್ಲಾಸ್ಕಿನಲ್ಲಿ ಕಾಫಿ ಬಿಸಿಯಾಗಿರುವುದು. ಹೊರಗೆ ದುಡಿಯುವವರ ನಿಜವಾದ ಕಷ್ಟ ಸೆಕೆ. ಈಗಿನ ಉಡುಪಿನಲ್ಲಿ ಮೈಸುತ್ತ ಸುಮಾರು 90 ಮೀಟರ್ ಉದ್ದದ ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಸಿ ಆ ಸೆಕೆಯನ್ನು ತೆಗೆಯಬೇಕು. ಮೈಬಿಗಿ ಉಡುಪಿನಲ್ಲಿ ಬೆವರು ಬಟ್ಟೆಯ ಎಳೆಗಳ ನಡುವಿನಿಂದ ನೇರವಾಗಿ ಆವಿಯಾಗಿ ಹೋಗುತ್ತದೆ, ಮೈ ತಾನೇ ತಂಪಾಗುತ್ತದೆ. 300 ವಾಟ್ ಬಿಸಿಯನ್ನು ಹೀಗೆ ಕಳೆಯಲು ಗಂಟೆಗೆ ಅರ್ಧ ಲೀಟರಿಗಿಂತ ತುಸು ಕಡಿಮೆ ಬೆವರು ಸಾಕು. ಆರು ತಾಸಿಗೆ ಹೆಚ್ಚುಕಡಿಮೆ ಎರಡೂವರೆ ಲೀಟರ್ ನೀರು ಕಳೆದುಹೋಗುತ್ತದೆ ಎಂಬುದು ಅದರ ಬೆಲೆ. ಕುಡಿಯುವ ನೀರು ಶಿರಸ್ತ್ರಾಣದೊಳಗೇ ಸಿಗುವಂತಿರಬೇಕು. ಬಿಸಿಲು, ಧೂಳು, ಸೂಕ್ಷ್ಮ ಉಲ್ಕಾಕಣಗಳಿಗಾಗಿ ಮೇಲೊಂದು ಸಡಿಲ ಹೊದಿಕೆ ಬೇಕೇ ಬೇಕು. ಚಿತ್ರಗಳಲ್ಲಿ ಕಾಣುವ ತೆಳ್ಳನೆಯ ಉಡುಪು ಒಳಪದರ ಮಾತ್ರ.

ಉಡುಪು ಹರಿದರೆ?

ಗಾಳಿ ತುಂಬಿದ ಉಡುಪಿನಲ್ಲಿ ದೊಡ್ಡ ತೂತು ಬಿದ್ದರೆ ಇಡೀ ಒತ್ತಡವೇ ಹೋಗುತ್ತದೆ, ಉಸಿರಿನದೂ ಸೇರಿ. ಮೈಬಿಗಿ ಉಡುಪಿನಲ್ಲಿ ಹಾನಿ ಹರಿದ ಕಡೆಗೆ ಮಾತ್ರ ಸೀಮಿತ: ಚರ್ಮ ಊದುತ್ತದೆ, ನೀಲಿಗಟ್ಟುತ್ತದೆ, ನೋಯುತ್ತದೆ. ಹಿಗ್ಗುವ ಪಟ್ಟಿಯೊಂದನ್ನು ಸುತ್ತಿಕೊಂಡು ಹಿಂದಿರುಗಬಹುದು. ಹರಿದದ್ದು ಎಳೆಯುದ್ದಕ್ಕೂ ಸೀಳಿಕೊಂಡು ಹೋಗದಂತೆ ನೇಯ್ಗೆ ಇರಬೇಕು ಎಂಬುದನ್ನು ವಿನ್ಯಾಸಕಾರರು ಮರೆಯಬಾರದು.

## ಕತ್ತರಿ ಮತ್ತು ಹೊಲಿಗೆ

ಬಟ್ಟೆ ಎಷ್ಟು ಬಿಗಿಯಾಗಿರಬೇಕು? ಲೆಕ್ಕ ಹಾಕುವುದು ಹೇಗೆ?

ಸೂತ್ರ ಚಿಕ್ಕದು: ಒತ್ತಡವನ್ನು ಆ ಜಾಗದ ತ್ರಿಜ್ಯದಿಂದ ಗುಣಿಸಿದರೆ ಬಟ್ಟೆಯ ಎಳೆತ ಸಿಗುತ್ತದೆ. ಲಾಪ್ಲಾಸ್ ನಿಯಮ ಎಂದು ಪಿಯುಸಿಯಲ್ಲಿ ಓದಿದವರಿಗೆ ನೆನಪಿರಬಹುದು. ತೊಡೆಯ ತ್ರಿಜ್ಯ 9 ಸೆಂಟಿಮೀಟರ್ ಆದರೆ, ಬಟ್ಟೆಯ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಸುಮಾರು 27 ನ್ಯೂಟನ್, ಅಂದರೆ 2.7 ಕಿಲೋ ತೂಗುಬಿಟ್ಟಷ್ಟು ಎಳೆತ. ಬೆರಳಿನ ತ್ರಿಜ್ಯ 0.9 ಸೆಂಟಿಮೀಟರ್, ಅಲ್ಲಿ ಇದರ ಹತ್ತನೆಯ ಒಂದು ಪಾಲು ಸಾಕು.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದೇ ಬಟ್ಟೆಯನ್ನು ಒಂದೇ ಬಿಗಿಯಲ್ಲಿ ಮೈಗೆಲ್ಲ ಹೊಲಿದರೆ ಮಣಿಕಟ್ಟು ಹಿಸುಕಿಹೋಗುತ್ತದೆ, ತೊಡೆ ಸಡಿಲವಾಗಿ ಉಳಿಯುತ್ತದೆ. ಪ್ರತಿ ಅಂಗುಲಕ್ಕೂ ಬೇರೆ ಎಳೆತ ಬೇಕು, ಎಂದರೆ ತೊಡುವ ಒಬ್ಬೊಬ್ಬರಿಗೂ ಬೇರೆ ಉಡುಪು. ಎರಡನೆಯದು, ಹಿಗ್ಗುಬಟ್ಟೆ ಹೊತ್ತು ಕಳೆದಂತೆ ಸೋಲುತ್ತದೆ. ಬೆಳಿಗ್ಗೆ ಇದ್ದ ಎಳೆತ ಸಂಜೆಗೆ ಇರುವುದಿಲ್ಲ. ಆ ಸೋಲನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಬೆನ್ನಿನ ಗುಳಿ, ಕಂಕುಳು, ಅಂಗೈ: ಅಲ್ಲಿ ಬಟ್ಟೆ ಮೈಗೆ ತಾಗುವುದೇ ಇಲ್ಲವಲ್ಲ?

ಇಡೀ ಯೋಜನೆ ಹೆಚ್ಚು ಸಲ ಎಡವಿರುವುದು ಇಲ್ಲೇ. ಮೇಲಿನ ಸೂತ್ರವನ್ನೇ ಮತ್ತೆ ನೋಡಿ. ಚಪ್ಪಟೆ ಜಾಗದ ತ್ರಿಜ್ಯ ಅನಂತ. ಬಟ್ಟೆಯನ್ನು ಎಷ್ಟು ಎಳೆದರೂ ಅದು ಕೆಳಗೆ ಒತ್ತುವುದಿಲ್ಲ. ಒಳಗುಳಿಯ ಮೇಲಂತೂ ಬಟ್ಟೆ ಮೇಲಕ್ಕೆದ್ದು ಡೇರೆಯಂತೆ ನಿಲ್ಲುತ್ತದೆ. ಬೆನ್ನುಮೂಳೆಯ ಸಾಲು, ಕಂಕುಳು, ತೊಡೆಯ ಸಂದು, ಮೊಣಕಾಲಿನ ಹಿಂಬದಿ, ಅಂಗೈ, ಹೆಂಗಸರಿಗೆ ಸ್ತನಗಳ ನಡುವಿನ ಜಾಗ, ಎಲ್ಲ ಕಡೆ ಇದೇ ಕಥೆ. ಒತ್ತಡ ಸಿಗದ ಕಡೆ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಹೊರಕ್ಕೆ ಒಸರಿ ಬಾವು ಬರುತ್ತದೆ.

ಪರಿಹಾರವೆಂದರೆ ಗುಳಿಯನ್ನು ತುಂಬಿ ಉಬ್ಬು ಮಾಡುವುದು. ವೆಬ್ ತಂಡ ಫೋಮ್ ತುಂಡುಗಳನ್ನೂ ದ್ರವ ತುಂಬಿದ ಚೀಲಗಳನ್ನೂ ಇಟ್ಟು ನೋಡಿತು. ದ್ರವ ತುಂಬಿದ ಚೀಲದ ಗುಣವೆಂದರೆ ಒಂದು ಕಡೆ ಬಿದ್ದ ಒತ್ತಡವನ್ನು ಅದು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ಆದರೆ ತೋಳೆತ್ತಿದಾಗ ಕಂಕುಳಿನ ಗುಳಿಯ ಆಕಾರವೇ ಬದಲಾಗುತ್ತದೆ. ಕುಳಿತಾಗ ಸರಿ ಹೊಂದಿದ ತುಂಡು ನಿಂತಾಗ ಹೊಂದುವುದಿಲ್ಲ. ಅಂಗೈ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ದಪ್ಪ ತುಂಡಿಟ್ಟರೆ ಹಿಡಿತ ಹೋಗುತ್ತದೆ. ಹಿಡಿತ ಉಳಿಸಲೆಂದೇ ಅಲ್ಲವೇ ನಾವು ಈ ಉಡುಪಿನ ಹಿಂದೆ ಬಿದ್ದದ್ದು?

ಅಷ್ಟು ಬಿಗಿಯಾದದ್ದನ್ನು ತೊಡುವುದು ಹೇಗೆ?

ವೆಬ್ ಅವರ ಉಡುಪನ್ನು ಪದರದ ಮೇಲೆ ಪದರವಾಗಿ, ಇನ್ನೊಬ್ಬರ ನೆರವಿನಿಂದ, ಬಹಳ ಹೆಣಗಿ ತೊಡಬೇಕಿತ್ತು. ಹೆಣಗಾಟವನ್ನು ಸಹಿಸಿದರೂ ಶರೀರದ ಅಡ್ಡಿ ಉಳಿಯುತ್ತದೆ: ನೌಕೆಯೊಳಗಿನ ಸಾಮಾನ್ಯ ಗಾಳಿಯಲ್ಲಿ ಉಸಿರಾಡುತ್ತ 222 ಮಿಲಿಮೀಟರ್ ಬಿಗಿತದಲ್ಲಿ ಇರುವಂತಿಲ್ಲ, ರಕ್ತ ನಿಲ್ಲುತ್ತದೆ. ಆದ್ದರಿಂದ ತೊಡುವಾಗ ಸಡಿಲವಾಗಿದ್ದು, ಹೊರಬಾಗಿಲ ಕೋಣೆಯ ಗಾಳಿ ಇಳಿದಂತೆ ಬಿಗಿಯಾಗುತ್ತ ಹೋಗುವ ಉಡುಪು ಬೇಕು.

ಎಂಐಟಿಯಲ್ಲಿ ಇದಕ್ಕಾಗಿ ನಿಕಲ್ ಮತ್ತು ಟೈಟಾನಿಯಂ ಬೆರೆತ, ಆಕಾರ ನೆನಪಿಡುವ ಮಿಶ್ರಲೋಹದ ಸಣ್ಣ ಸುರುಳಿಗಳನ್ನು ಹೆಣೆದು ನೋಡಿದ್ದಾರೆ. ಹಿಗ್ಗಿಸಿಟ್ಟ ಸುರುಳಿಗೆ ವಿದ್ಯುತ್ತಿನಿಂದ ಬಿಸಿ ಕೊಟ್ಟರೆ ಅದು ಮೊದಲಿನ ಉದ್ದಕ್ಕೆ ಕುಗ್ಗಿ ಬಟ್ಟೆಯನ್ನು ಜಗ್ಗುತ್ತದೆ. ಬಿಸಿ ಆರಿದ ಮೇಲೂ ಬಿಗಿತ ನಿಲ್ಲಲು ಕೊಕ್ಕೆಯಂಥದ್ದು ಬೇಕು. ಇಲ್ಲದಿದ್ದರೆ ವಿದ್ಯುತ್ ಸದಾ ಹರಿಯುತ್ತಿರಬೇಕು, ಮೈಗೂ ಬಿಸಿ ತಾಗುತ್ತದೆ. ನನಗೆ ಹೆಚ್ಚು ಭರವಸೆ ಇರುವುದು ಹೆನ್ರಿ ಅವರ ಹಳೆಯ ಕೊಳವೆಯ ಉಪಾಯದಲ್ಲಿ. ಕೊಳವೆಯನ್ನು ಉಸಿರಿನ ಆಮ್ಲಜನಕಕ್ಕೇ ಜೋಡಿಸಿದರೆ ಉಸಿರಿನ ಒತ್ತಡ ಏರಿದಷ್ಟೇ ಬಿಗಿತವೂ ಏರುತ್ತದೆ, ಬೇರೆ ನಿಯಂತ್ರಣ ಬೇಡ.

ಮೊಣಕಾಲು ಮಡಚಿದಾಗ ಚರ್ಮ ಹಿಗ್ಗುತ್ತದೆ. ಆಗ ಬಿಗಿತ ಬದಲಾಗುವುದಿಲ್ಲವೇ?

ಬದಲಾಗುತ್ತದೆ. ಇದಕ್ಕೆ ಬಹಳ ಸೊಗಸಾದ ಉತ್ತರವೊಂದನ್ನು ಆರ್ಥರ್ ಐಬೆರಾಲ್ ಎಂಬ ವಿಜ್ಞಾನಿ ಕಳೆದ ಶತಮಾನದ ನಡುಭಾಗದಲ್ಲೇ ಕಂಡುಕೊಂಡಿದ್ದರು. ಮೈಮೇಲೆ ಎಳೆಯಬಹುದಾದ ಕೆಲವು ರೇಖೆಗಳು ನಾವು ಹೇಗೆ ಚಲಿಸಿದರೂ ಉದ್ದದಲ್ಲಿ ಬದಲಾಗುವುದಿಲ್ಲ, ಓರೆಯಾಗುತ್ತವೆ, ಹಿಗ್ಗುವುದಿಲ್ಲ. ಆ ರೇಖೆಗಳ ಮೇಲೆ ಹಿಗ್ಗದ ಗಟ್ಟಿ ದಾರ ಹಾಯಿಸಿ, ನಡುವಿನ ಜಾಗಕ್ಕೆ ಹಿಗ್ಗುಬಟ್ಟೆ ಕೊಟ್ಟರೆ, ಭಾರ ಹೊರುವುದು ದಾರ, ಮಣಿಯುವುದು ಬಟ್ಟೆ. ಬಯೋಸೂಟ್ ಮೇಲೆ ಕಾಣುವ ಬಲೆಯಂಥ ಗೆರೆಗಳು ಅಲಂಕಾರವಲ್ಲ, ಇವೇ ರೇಖೆಗಳು.

ಭೂಮಿಯಲ್ಲಿ ಅಳತೆ ತೆಗೆದು ಹೊಲಿದದ್ದು ಅಲ್ಲಿ ಹೋದ ಮೇಲೂ ಹೊಂದುತ್ತದೆಯೇ?

ಹೊಂದುವುದು ಅನುಮಾನ. ತೂಕವಿಲ್ಲದ ಸ್ಥಿತಿಯಲ್ಲಿ ಕಾಲಿನ ದ್ರವ ಮೇಲೇರಿ ಕಾಲು ಸಣಕಲಾಗುತ್ತದೆ, ಮುಖ ತುಂಬಿಕೊಳ್ಳುತ್ತದೆ, ಬೆನ್ನುಮೂಳೆ ಕೆಲವು ಸೆಂಟಿಮೀಟರ್ ಉದ್ದವಾಗುತ್ತದೆ, ತಿಂಗಳುಗಳು ಕಳೆದಂತೆ ಸ್ನಾಯು ಕರಗುತ್ತದೆ. ಗಾಳಿ ತುಂಬಿದ ಉಡುಪು ಇದನ್ನೆಲ್ಲ ತಾಳಿಕೊಳ್ಳುತ್ತದೆ; ಚರ್ಮಕ್ಕಂಟಿದ ಉಡುಪಿಗೆ ಒಂದು ಸೆಂಟಿಮೀಟರ್ ಕೂಡ ದೊಡ್ಡದು. ಮಂಗಳಕ್ಕೆ ಹೋಗುವ ನೌಕೆಯಲ್ಲಿ ಮೈಯನ್ನು ಮತ್ತೆ ಅಳೆಯುವ ಸ್ಕ್ಯಾನರ್ ಇರಬೇಕು, ಬಿಚ್ಚಿ ಹೊಲಿಯುವ ಅಥವಾ ಹೊಸದಾಗಿ ಹೆಣೆಯುವ ಯಂತ್ರವೂ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಇದನ್ನು ತೊಟ್ಟರೆ ಹೊರಹೋಗುವ ಮುನ್ನ ಶುದ್ಧ ಆಮ್ಲಜನಕ ಉಸಿರಾಡುತ್ತ ಕಾಯಬೇಕಿಲ್ಲ, ಅಲ್ಲವೇ?

ಕಾಯಲೇಬೇಕು. 101 ಕಿಲೋಪಾಸ್ಕಲ್‌ನಿಂದ ಏಕಾಏಕಿ 29.6ಕ್ಕೆ ಇಳಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುತ್ತದೆ; ಶುದ್ಧ ಆಮ್ಲಜನಕ ಉಸಿರಾಡುವುದು ಅದನ್ನು ಮೊದಲೇ ಹೊರಹಾಕಲೆಂದೇ. ಒತ್ತುವುದು ಗಾಳಿಯೋ ಬಟ್ಟೆಯೋ ಎಂಬುದು ಸಾರಜನಕಕ್ಕೆ ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ಗುಣವಿದ್ದೂ ಅರ್ಧ ಶತಮಾನದಿಂದ ಏಕೆ ಮೂಲೆಗೆ ಬಿದ್ದಿದೆ?

ವೆಬ್ ಅವರ ಕೆಲಸ ಮುಗಿದ ಕಾಲಕ್ಕೆ ಅಪೊಲೊ ಕೊನೆಗೊಳ್ಳುತ್ತಿತ್ತು. ಆಮೇಲಿನ ದಶಕಗಳಲ್ಲಿ ಗಗನಯಾತ್ರಿಗಳು ತೇಲುತ್ತ ಕೆಲಸ ಮಾಡಿದರೇ ಹೊರತು ನಡೆಯಲಿಲ್ಲ. ಭಾರ ಯಾರಿಗೂ ಚುಚ್ಚಲಿಲ್ಲ. ಗೊತ್ತಿರುವ ದಾರಿಯಲ್ಲಿ ಜೀವಹಾನಿಯ ಭಯವೂ ಕಡಿಮೆ. ಈಗ ಚಂದ್ರನ ಮೇಲೆ ಮತ್ತೆ ಇಳಿಯುವ ನಾಸಾದ ಆರ್ಟೆಮಿಸ್ ಯೋಜನೆಗೆ ಆಕ್ಸಿಯಮ್ ಸಂಸ್ಥೆ ರೂಪಿಸುತ್ತಿರುವ ಉಡುಪು ಕೂಡ ಗಾಳಿ ತುಂಬುವಂಥದೇ. ಮೈಬಿಗಿ ಉಡುಪು ಒಮ್ಮೆಲೇ ಪೂರ್ಣರೂಪದಲ್ಲಿ ಬರಲಾರದು ಎಂದು ನನಗನಿಸುತ್ತದೆ. ಮುಂಡಕ್ಕೆ ಗಾಳಿ, ಕೈಕಾಲುಗಳಿಗೆ ಬಿಗಿಬಟ್ಟೆ ಎಂಬ ಮಿಶ್ರರೂಪ ಮೊದಲು ಬರಬೇಕು: ಗುಳಿಗಳು ಹೆಚ್ಚಿರುವುದು ಮುಂಡದಲ್ಲಿ, ಚಲನೆ ಹೆಚ್ಚು ಬೇಕಿರುವುದು ಕೈಕಾಲುಗಳಲ್ಲಿ.

ಬೆಂಗಳೂರಿನಲ್ಲಿ ಇದಕ್ಕೆ ಸಂಬಂಧಿಸಿದ ಕೆಲಸ ನಡೆಯುತ್ತದೆಯೇ?

ಹತ್ತಿರದ ವಿದ್ಯೆಗಳು ಇಲ್ಲಿವೆ. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಎತ್ತರದ ತೆಳುಗಾಳಿಯನ್ನು ಸೃಷ್ಟಿಸುವ ಕೋಣೆ ಇದೆ. ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ ಯುದ್ಧವಿಮಾನದ ಪೈಲಟ್‌ಗಳಿಗೆ ಹೊಟ್ಟೆ, ಕಾಲುಗಳನ್ನು ಒತ್ತಿಹಿಡಿದು ರಕ್ತ ಕೆಳಗಿಳಿಯದಂತೆ ತಡೆಯುವ ಉಡುಪುಗಳ ಮೇಲೆ ಕೆಲಸ ಮಾಡಿದೆ. ಇಸ್ರೊದ ಮಾನವ ಬಾಹ್ಯಾಕಾಶ ಯಾನ ಕೇಂದ್ರವೂ ಇಲ್ಲೇ. ಗಗನಯಾನದ ಉಡುಪು ನೌಕೆಯೊಳಗೆ ತೊಡುವಂಥದು, ಗಾಳಿ ತುಂಬುವಂಥದು. ಅದನ್ನು ಮೈಬಿಗಿ ಉಡುಪಿನೊಂದಿಗೆ ಬೆರೆಸಬಾರದು.

ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೆ ಇದರ ಒಂದು ಭಾಗವನ್ನು ಮಾಡಬಹುದೇ?

ಖಂಡಿತ ಮಾಡಬಹುದು, ನಿರ್ವಾತ ಪಂಪಿಲ್ಲದೆಯೇ. 110 ಮಿಲಿಮೀಟರಿನ ಪಿವಿಸಿ ಕೊಳವೆ ತೆಗೆದುಕೊಳ್ಳಿ. ಅದರ ಮೇಲೆ ತೆಳ್ಳನೆಯ ಒತ್ತಡ ಸಂವೇದಕ ಅಂಟಿಸಿ, ಹಿಗ್ಗುಬಟ್ಟೆಯ ತೋಳನ್ನು ಬೇರೆ ಬೇರೆ ಸುತ್ತಳತೆಯಲ್ಲಿ ಹೊಲಿದು ತೊಡಿಸಿ. 29.6 ಕಿಲೋಪಾಸ್ಕಲ್ ಬೇಕಾದರೆ ಸೆಂಟಿಮೀಟರ್ ಅಗಲಕ್ಕೆ ಸುಮಾರು 16 ನ್ಯೂಟನ್ ಎಳೆತ ಬರಬೇಕು; ನಿಮ್ಮ ಬಟ್ಟೆ ಎಷ್ಟು ಹಿಗ್ಗಿದಾಗ ಅಷ್ಟು ಎಳೆಯುತ್ತದೆ ಎಂಬುದನ್ನು ತೂಕ ಕಟ್ಟಿ ಮೊದಲೇ ಅಳೆದಿಟ್ಟುಕೊಳ್ಳಿ. ಆಮೇಲೆ ಕೊಳವೆಗೆ ಉದ್ದನೆಯ ಗುಳಿ ಕೊರೆದು, ಅದರ ತಳದಲ್ಲಿ ಸಂವೇದಕವಿಟ್ಟು ಮತ್ತೆ ಅಳೆಯಿರಿ. ಸಂವೇದಕ ತೋರಿಸುವ ಅಂಕಿ ಸೊನ್ನೆಗೆ ಬೀಳುತ್ತದೆ. ಗುಳಿಯಲ್ಲಿ ನೀರು ತುಂಬಿದ ರಬ್ಬರ್ ಚೀಲವಿಟ್ಟು, ಸಂವೇದಕವನ್ನು ಚೀಲದ ಕೆಳಗೇ ಉಳಿಸಿ ಮೂರನೆಯ ಸಲ ಅಳೆಯಿರಿ. ಚೀಲ ಗುಳಿಯ ಅಂಚಿಗಿಂತ ಎಷ್ಟು ಮೇಲೆ ಉಬ್ಬಿದರೆ ಆ ಅಂಕಿ ಗುರಿ ಮುಟ್ಟುತ್ತದೆ ಎಂಬುದನ್ನು ದಾಖಲಿಸಿದರೆ ಅದೇ ಒಂದು ಒಳ್ಳೆಯ ಪ್ರಬಂಧವಾಗುತ್ತದೆ.

ಎರಡು ಎಚ್ಚರ. ಈ ಬಿಗಿತದ ತೋಳನ್ನು ಯಾರ ಕೈಕಾಲಿಗೂ ತೊಡಿಸಬೇಡಿ. ನೆಲದ ಗಾಳಿಯಲ್ಲಿ ಅದು ರಕ್ತವನ್ನು ನಿಲ್ಲಿಸುತ್ತದೆ. ಯಾವ ನಿರ್ವಾತ ಪೆಟ್ಟಿಗೆಯೊಳಗೂ ಕೈ ಹಾಕಬೇಡಿ. ಮನುಷ್ಯರ ಮೇಲಿನ ಪರೀಕ್ಷೆ ವೈದ್ಯರ ಎದುರಿನಲ್ಲಿ, ನೈತಿಕ ಸಮಿತಿಯ ಒಪ್ಪಿಗೆ ಪಡೆದ ಪ್ರಯೋಗಾಲಯದಲ್ಲಿ ಮಾತ್ರ ಆಗತಕ್ಕದ್ದು.